ಪಾಲು, ಉಳಿಕೆ, ಹಗ್ಗ: ರಾಯಚೂರು ಸೀಮೆಯ ಅಳತೆಗಳಲ್ಲಿ ಭಾಗಲಬ್ಧ ಮತ್ತು ಅಭಾಗಲಬ್ಧ

ಕೃಷ್ಣೆ ಮತ್ತು ತುಂಗಭದ್ರೆಯರ ನಡುವಣ ಸೀಮೆಯನ್ನು ಕುರಿತ ಬರವಣಿಗೆಯಲ್ಲಿ ಮಸ್ಕಿಯ ಅಶೋಕನ ಶಾಸನಕ್ಕೂ 1520ರ ರಾಯಚೂರು ಕದನಕ್ಕೂ ದಾಸರ ಪದಗಳಿಗೂ ದೊರೆತಿರುವ ಗಮನ, ಇಲ್ಲಿನ ಜನ ಕಾಳನ್ನು ಹೇಗೆ ಅಳೆದರು, ಹೊಲವನ್ನು ಹೇಗೆ ಹಂಚಿಕೊಂಡರು, ಗಾಲಿಗೆ ಹಳಿಯನ್ನು ಹೇಗೆ ಕೂಡಿಸಿದರು ಎಂಬ ಸಂಗತಿಗಳಿಗೆ ದೊರೆತಿಲ್ಲ. ಅಳತೆಯೂ ಒಂದು ಮೌಖಿಕ ಪರಂಪರೆಯೇ. ಅದಕ್ಕೂ ಪದಕೋಶವಿದೆ, ಗುರುಶಿಷ್ಯ ಸಂಬಂಧವಿದೆ, ವಿಧಿನಿಷೇಧಗಳಿವೆ. ಪ್ರಸ್ತುತ ಲೇಖನವು ಆ ಪರಂಪರೆಯ ಒಂದು ಎಳೆಯನ್ನು ಹಿಡಿದು, ಶಾಲೆಯ ಗಣಿತದಲ್ಲಿ ಭಾಗಲಬ್ಧ ಮತ್ತು ಅಭಾಗಲಬ್ಧ ಎಂದು ಕರೆಯಲಾಗುವ ಸಂಖ್ಯೆಗಳ ವ್ಯತ್ಯಾಸವನ್ನು ಅರಿಯಲು ಯತ್ನಿಸುತ್ತದೆ.

ಈ ವಿಷಯಕ್ಕೆ ನಾನು ಬಂದದ್ದು ಆಕಸ್ಮಿಕವಾಗಿ. ದೇವದುರ್ಗ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಬಡಿಗ ವೃತ್ತಿಯ ಪದಗಳನ್ನು ಸಂಗ್ರಹಿಸುತ್ತಿದ್ದೆ. ಆ ಮನೆಯ ಹಿರಿಯರ ಮೊಮ್ಮಗಳು ಆಗ ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದಳು. ಪಡಸಾಲೆಯಲ್ಲಿ ನಮ್ಮ ಮಾತು ಕೇಳುತ್ತ ಕುಳಿತವಳು ಪುಸ್ತಕ ತೆರೆದು, "ಸರ್, ಒಂದು ಪುಟದಾಗ ಪೈ ಅಂದ್ರ 22/7 ಅಂತಾರ. ಇನ್ನೊಂದು ಪುಟದಾಗ ಅದನ್ನ ಭಿನ್ನರಾಶಿ ಮಾಡಿ ಬರೆಯಾಕ ಬರಂಗಿಲ್ಲ ಅಂತಾರ. ಯಾವುದು ಖರೇ?" ಎಂದು ಕೇಳಿದಳು. ಜಾನಪದದಲ್ಲಿ ಪದವಿ ಪಡೆದ ನನಗೆ ಉತ್ತರ ತೋಚಲಿಲ್ಲ. ಹಿರಿಯರು ನಕ್ಕು, ತಮಗೆ ಆ ಲೆಕ್ಕ ಗೊತ್ತಿಲ್ಲವೆಂದೂ ಗಾಲಿಯ ಸುತ್ತಳತೆಗೆ ತಾವು ಹಗ್ಗ ಹಿಡಿಯುತ್ತಿದ್ದೆವೆಂದೂ ಹೇಳಿದರು. ಈ ಬರಹ ಬಹುಮಟ್ಟಿಗೆ ಆ ಹುಡುಗಿಗೆ ಅಂದು ಕೊಡಲಾಗದೆ ಹೋದ ಉತ್ತರ.

ಮೊದಲು ಪಾಲಿನ ಲೋಕವನ್ನು ನೋಡೋಣ. ಕಣದಲ್ಲಿ ರಾಶಿ ಅಳೆಯುವವನು ಮೊದಲ ಅಳತೆಗೆ ‘ಒಂದು’ ಎನ್ನದೆ ‘ಲಾಭ’ ಎನ್ನುವ ರೂಢಿ ಉತ್ತರ ಕರ್ನಾಟಕದ ಹಲವೆಡೆಗಳಂತೆ ಇಲ್ಲಿಯೂ ಇತ್ತು. ಸೇರಿನ ಅರ್ಧ ಅಚ್ಚೇರು, ಕಾಲುಭಾಗ ಪಾವು, ಅದರ ಅರ್ಧ ಅರಪಾವು, ಅದರ ಅರ್ಧ ಚಟಾಕು. ಸೇರೊಂದಕ್ಕೆ ಚಟಾಕು 16. ಚಾಲುಕ್ಯರ ಕಾಲದ ಶಾಸನಗಳಲ್ಲಿ ಬರುವ ಪಣ, ಹಾಗ, ವೀಸಗಳ ಕ್ರಮವೂ ಇದೇ: ಹಾಗವೆಂದರೆ ಪಣದ ಕಾಲು, ವೀಸವೆಂದರೆ ಹದಿನಾರನೆಯ ಒಂದು ಪಾಲು. ಎಲ್ಲವೂ ಅರ್ಧದ ಅರ್ಧವಾಗಿ ಇಳಿಯುವ ಮೆಟ್ಟಿಲುಗಳು. ಕಣ್ಣಳತೆಯಲ್ಲಿ ಯಾವ ರಾಶಿಯನ್ನಾದರೂ ಎರಡಾಗಿ ಸೀಳಬಹುದು, ಮೂರಾಗಿ ಸೀಳುವುದು ಕಷ್ಟ. ಈ ಮೆಟ್ಟಿಲುಗಳ ಹಿಂದಿರುವ ಅನುಭವ ಅದೇ ಇರಬೇಕು.

ತೊಡಕು ಹುಟ್ಟುವುದೂ ಮೂರರಲ್ಲಿಯೇ. ಮೂವರು ಅಣ್ಣತಮ್ಮಂದಿರು ಒಂದು ಸೇರು ಕಾಳನ್ನು ಸಮನಾಗಿ ಹಂಚಿಕೊಳ್ಳಬೇಕು. ಒಬ್ಬೊಬ್ಬನಿಗೆ ಐದು ಚಟಾಕು ಕೊಟ್ಟರೆ ಒಂದು ಉಳಿಯುತ್ತದೆ. ಆ ಒಂದು ಚಟಾಕನ್ನು ಮತ್ತೆ ಹದಿನಾರು ಪಾಲು ಮಾಡಿ ಐದೈದು ಕೊಟ್ಟರೆ ಮತ್ತೆ ಒಂದು ಪಾಲು ಉಳಿಯುತ್ತದೆ. ಎಷ್ಟು ಸಲ ಮಾಡಿದರೂ ಒಂದು ಉಳಿಕೆ. ಲೆಕ್ಕ ಮುಗಿಯುವುದೇ ಇಲ್ಲ. ಅಂಥಲ್ಲಿ ಕಡೆಯ ಹಿಡಿಯನ್ನು ಹಕ್ಕಿಗೋ ಭಿಕ್ಷುಕರಿಗೋ ಬಿಟ್ಟು ಏಳುವುದು ಕಣದ ಧರ್ಮ.

ಹಾಗಾದರೆ ಮೂರನೆಯ ಒಂದು ಪಾಲು ಅಭಾಗಲಬ್ಧವೇ? ಅಲ್ಲ. ಶಾಲೆಯ ಮಕ್ಕಳು ಎಡವುವುದು ಇಲ್ಲಿಯೇ ಎಂದು ನನಗೆ ತೋರುತ್ತದೆ. ಮುಗಿಯದಿರುವುದೇ ಅಭಾಗಲಬ್ಧದ ಗುರುತೆಂದು ಅವರು ತಿಳಿಯುತ್ತಾರೆ. ಅದೇ ಮೂವರು ಕಾಳಿನ ಬದಲು ಒಂದು ರೂಪಾಯಿಯನ್ನು ಹಂಚಿಕೊಳ್ಳಲಿ. ಬ್ರಿಟಿಷ್ ರೂಪಾಯಿಯಂತೆ ನಿಜಾಮರ ಹಾಲಿ ಸಿಕ್ಕಾ ರೂಪಾಯಿಗೂ 16 ಆಣೆ, ಆಣೆಗೆ 12 ಪೈ. ಆಣೆ ಮೂರಕ್ಕೆ ಭಾಗವಾಗದಿದ್ದರೂ ಪೈ ಭಾಗವಾಗುತ್ತದೆ. ರೂಪಾಯಿಯ 192 ಪೈಗಳಲ್ಲಿ ಒಬ್ಬೊಬ್ಬನಿಗೆ 64 ಪೈ, ಅಂದರೆ ಐದು ಆಣೆ ನಾಲ್ಕು ಪೈ, ಉಳಿಕೆಯಿಲ್ಲದೆ ಸಲ್ಲುತ್ತದೆ. ಕಾಳಿನ ಅಳತೆಯಲ್ಲಿ ಮುಗಿಯದಿದ್ದ ಪಾಲು ನಾಣ್ಯದ ಅಳತೆಯಲ್ಲಿ ಮುಗಿಯಿತು. ತಪ್ಪು ಪಾಲಿನದಲ್ಲ, ಮಾನದ್ದು. (1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯ ಬಂದಾಗ ಈ ಸೌಲಭ್ಯ ತಪ್ಪಿತು. ನೂರು ಪೈಸೆಯನ್ನು ಮೂವರಿಗೆ ಹಂಚಿದರೆ 33.33 ಎಂದು ಬರೆಯುತ್ತಲೇ ಹೋಗಬೇಕು. ನಾಣ್ಯದ ‘ಪೈ’ಯೂ ವೃತ್ತದ ‘ಪೈ’ಯೂ ಕನ್ನಡ ಲಿಪಿಯಲ್ಲಿ ಒಂದೇ ಆಗಿರುವುದು ಕೇವಲ ಆಕಸ್ಮಿಕ.)

ಆದ್ದರಿಂದ ಭಾಗಲಬ್ಧವನ್ನು ಹೀಗೆ ಅರಿಯಬಹುದು. ಎರಡು ಪ್ರಮಾಣಗಳಿವೆ. ಇವೆರಡನ್ನೂ ಉಳಿಕೆಯಿಲ್ಲದೆ ಅಳೆಯುವ ಒಂದು ಮಾನ, ಎಷ್ಟೇ ಚಿಕ್ಕದಾಗಿರಲಿ, ಎಲ್ಲಿಯಾದರೂ ಇದ್ದರೆ ಅವುಗಳ ಪ್ರಮಾಣ ಭಾಗಲಬ್ಧ. ಅದನ್ನು ಎರಡು ಪೂರ್ಣಾಂಕಗಳ ಭಾಗಾಕಾರವಾಗಿ ಬರೆಯಬಹುದು. ಅಂಥ ಮಾನವನ್ನು ಕಮ್ಮಟದಲ್ಲಿ ಟಂಕಿಸಲಿ, ಬಿದಿರಿನಲ್ಲಿ ಕೊಯ್ಯಲಿ, ಬರಿಯ ಮನಸ್ಸಿನಲ್ಲಿ ಕಲ್ಪಿಸಲಿ, ಯಾವ ಬಗೆಯಿಂದಲೂ ಅದು ಇರುವುದು ಸಾಧ್ಯವಿಲ್ಲದಿದ್ದರೆ ಆ ಪ್ರಮಾಣ ಅಭಾಗಲಬ್ಧ. ಒಂದು ಅಳತೆಯಲ್ಲಿ ಮುಗಿಯದಿರುವುದು ಬೇರೆ, ಯಾವ ಅಳತೆಯಲ್ಲಿಯೂ ಮುಗಿಯದಿರುವುದು ಬೇರೆ.

ಎರಡನೆಯ ಬಗೆಯದು ಎಲ್ಲಿದೆ? ಮಾನ್ವಿಯಲ್ಲಿ ಗೌಂಡಿಗಳು ಮನೆಯ ಪಾಯಕ್ಕೆ ಗುರುತು ಹಾಕುವುದನ್ನು ನೋಡಿದವರಿಗೆ ಅದು ಪರಿಚಿತವೇ. ನಾಲ್ಕು ಮೂಲೆಗೆ ಗೂಟ ಬಡಿದು, ಸುಣ್ಣದ ಗೆರೆ ಎಳೆಯುವ ಮುನ್ನ ಮೂಲೆಯಿಂದ ಮೂಲೆಗೆ ಅಡ್ಡವಾಗಿ ದಾರ ಹಿಡಿಯುತ್ತಾರೆ. ಇದಕ್ಕೆ ಈಗ ‘ಕ್ರಾಸ್ ನೋಡುವುದು’ ಎನ್ನುತ್ತಾರೆ. ಒಂದು ಕರ್ಣಕ್ಕೆ ಹಿಡಿದ ದಾರ ಇನ್ನೊಂದಕ್ಕೂ ಸರಿಹೋದರೆ ಮೂಲೆ ಮಟ್ಟವಾಗಿದೆ ಎಂದರ್ಥ. ಗೋಡೆಯ ಉದ್ದವನ್ನು ಅಡಿ ಇಂಚುಗಳಲ್ಲಿ ಕೂಗಿ ಹೇಳುವ ಗೌಂಡಿ ಈ ಕರ್ಣದ ಉದ್ದವನ್ನು ಸಂಖ್ಯೆಯಲ್ಲಿ ಹೇಳುವುದಿಲ್ಲ, ಹೇಳುವ ಅಗತ್ಯವೂ ಅವನಿಗಿಲ್ಲ. ದಾರವೇ ಆ ಉದ್ದವನ್ನು ಹೊತ್ತುಕೊಂಡು ಹೋಗುತ್ತದೆ.

ಇದನ್ನು ಹೊಲಕ್ಕೆ ತಂದರೆ ವಿಷಯ ಇನ್ನಷ್ಟು ಸ್ಪಷ್ಟವಾಗುತ್ತದೆ. ಒಂದು ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲದ ಚೌಕ, ಅಂದರೆ 1089 ಚದರ ಅಡಿ. ನಾಲ್ಕು ಗುಂಟೆಯ ಚೌಕದ ಬಾಹು 66 ಅಡಿ, ಒಂಬತ್ತು ಗುಂಟೆಯದು 99 ಅಡಿ. ಆದರೆ ಎರಡು ಗುಂಟೆಯ ಚೌಕಕ್ಕೆ ಎಷ್ಟಡಿ ಬಾಹು? ಸುಮಾರು 46.669 ಅಡಿ ಎನ್ನಬಹುದು, ‘ಸುಮಾರು’ ಎಂಬ ಮಾತನ್ನು ಮಾತ್ರ ಎಂದಿಗೂ ಬಿಡುವಂತಿಲ್ಲ. ನಲವತ್ತು ಗುಂಟೆ ಕೂಡಿದರೆ ಎಕರೆ. ಸರಿಯಾಗಿ ಒಂದೆಕರೆಯಿರುವ ಚೌಕ ಹೊಲದ ಬಾಹು ಸುಮಾರು 208.71 ಅಡಿ, ಅದೂ ಅಭಾಗಲಬ್ಧ. ಪಹಣಿಯಲ್ಲಿ ‘1 ಎಕರೆ 0 ಗುಂಟೆ’ ಎಂದು ಚೊಕ್ಕವಾಗಿ ಬರೆದಿರುವ ಹೊಲ ಚೌಕವಾಗಿದ್ದರೆ ಅದರ ಬದುವಿನ ಉದ್ದವನ್ನು ಯಾವ ಸರಪಳಿಯ ಕೊಂಡಿಯೂ ಸರಿಯಾಗಿ ಮುಟ್ಟಲಾರದು.

ಎರಡು ಗುಂಟೆಯ ಚೌಕ ಬೇಕಾದವನು ಮಾತ್ರ ಕಂಗೆಡಬೇಕಾಗಿಲ್ಲ. ಒಂದು ಗುಂಟೆಯ ಚೌಕದ ಮೂಲೆಯಿಂದ ಮೂಲೆಗೆ ಹಗ್ಗ ಹಿಡಿದರೆ ಆಯಿತು. ಆ ಹಗ್ಗವೇ ಎರಡು ಗುಂಟೆಯ ಚೌಕದ ಬಾಹು. ಯಜ್ಞವೇದಿಕೆಗಳ ರಚನೆಗಾಗಿ ಹುಟ್ಟಿದ ಶುಲ್ಬಸೂತ್ರಗಳು ಇದನ್ನು ‘ದ್ವಿಕರಣಿ’ ಎಂದು ಕರೆದವು. ದ್ವಿಕರಣಿ ಎಂದರೆ ಇಮ್ಮಡಿ ಕ್ಷೇತ್ರವನ್ನು ಉಂಟುಮಾಡುವುದು. ಶುಲ್ಬವೆಂದರೂ ಹಗ್ಗವೇ. ಮುಂದಿನ ಗಣಿತಗ್ರಂಥಗಳಲ್ಲಿ ‘ಕರಣಿ’ ಎಂಬ ಪದ ಪೂರ್ಣವಾಗಿ ಬಿಡಿಸಲಾಗದ ವರ್ಗಮೂಲಕ್ಕೆ ಹೆಸರಾಯಿತು. ಕನ್ನಡ ಶಾಲಾ ಪಠ್ಯಗಳಲ್ಲಿ ‘ಕರಣಿಗಳು’ ಎಂಬ ಪಾಠವನ್ನು ಓದಿದ ನಮ್ಮ ತಲೆಮಾರಿನವರಿಗೆ ಅದರೊಳಗೆ ಒಂದು ಹಗ್ಗವಿದೆಯೆಂದು ಯಾರೂ ಹೇಳಲಿಲ್ಲ. ಹೇಳಿದ್ದರೆ ಅಷ್ಟು ಭಯವಿರುತ್ತಿರಲಿಲ್ಲವೇನೋ.

ಬೌಧಾಯನ ಶುಲ್ಬಸೂತ್ರವು ದ್ವಿಕರಣಿಗೆ ಒಂದು ಸಂಖ್ಯೆಯನ್ನೂ ಕೊಡುತ್ತದೆ: ಬಾಹುವಿಗೆ ಅದರ ಮೂರನೆಯ ಒಂದು ಪಾಲು ಸೇರಿಸಿ, ಆ ಪಾಲಿನ ನಾಲ್ಕನೆಯ ಒಂದನ್ನು ಸೇರಿಸಿ, ಹೀಗೆ ಕೊನೆಗೆ ಸೇರಿದ್ದರ ಮೂವತ್ತನಾಲ್ಕನೆಯ ಒಂದನ್ನು ಕಳೆಯಬೇಕು. ಇದು 577/408 ಆಗುತ್ತದೆ. ಮೂವತ್ತಮೂರು ಅಡಿಯ ಬಾಹುವಿಗೆ ಇದರಿಂದ ಬರುವ ತಪ್ಪು ಒಂದು ಇಂಚಿನ ಸಾವಿರದ ಒಂದು ಪಾಲಿಗೂ ಕಡಿಮೆ. ಆದರೂ ತಪ್ಪು ತಪ್ಪೇ. 577ರ ವರ್ಗ 3,32,929. 408ರ ವರ್ಗದ ಎರಡರಷ್ಟು 3,32,928. ಒಂದು ಹೆಚ್ಚು. ಈ ಒಂದನ್ನು ಇನ್ನೂ ದೊಡ್ಡ ಸಂಖ್ಯೆಗಳನ್ನು ಆರಿಸಿ ತೊಡೆದುಹಾಕಬಹುದೇ? ಸಾಧ್ಯವಿಲ್ಲ, ಅದಕ್ಕೆ ಕಾರಣ ಸರಳ. ಬಾಹುವನ್ನೂ ಕರ್ಣವನ್ನೂ ಸರಿಯಾಗಿ ಅಳೆಯುವ ಒಂದು ಮಾನವಿದೆ ಎಂದಿಟ್ಟುಕೊಳ್ಳೋಣ. ಕರ್ಣದ ಮೇಲಿನ ಚೌಕ ಬಾಹುವಿನ ಮೇಲಿನ ಚೌಕದ ಎರಡರಷ್ಟು, ಆದ್ದರಿಂದ ಕರ್ಣದ ಎಣಿಕೆ ಸಮಸಂಖ್ಯೆಯಾಗಲೇಬೇಕು. ಅದು ಸಮವಾದರೆ ಅದರ ವರ್ಗ ನಾಲ್ಕರಿಂದ ಭಾಗವಾಗುತ್ತದೆ. ಬಾಹುವಿನ ವರ್ಗ ಅದರ ಅರ್ಧವಾದ್ದರಿಂದ ಬಾಹುವಿನ ಎಣಿಕೆಯೂ ಸಮವಾಗಬೇಕು. ಎರಡೂ ಸಮವಾದರೆ ಎರಡನ್ನೂ ಅರ್ಧ ಮಾಡಬಹುದು. ಹಾಗೆ ಅರ್ಧ ಮಾಡಿದ ಎಣಿಕೆಗಳಿಗೂ ಇದೇ ನಿಯಮ, ಅವನ್ನೂ ಅರ್ಧ ಮಾಡಬೇಕು. ಪೂರ್ಣಾಂಕಗಳನ್ನು ಹೀಗೆ ಕೊನೆಯಿಲ್ಲದೆ ಅರ್ಧ ಮಾಡುತ್ತ ಹೋಗಲಾಗದು. ಆದುದರಿಂದ ಅಂಥ ಮಾನವೇ ಇಲ್ಲ. ಗ್ರೀಕರ ಪೈಥಾಗೊರಸ್ ಪಂಥದಲ್ಲಿ ಈ ಅರಿವು ದೊಡ್ಡ ಕಳವಳವನ್ನು ಉಂಟುಮಾಡಿತೆಂಬ ಐತಿಹ್ಯವಿದೆ.

ಶುಲ್ಬಸೂತ್ರವು ತನ್ನ ಸಂಖ್ಯೆಯನ್ನು ‘ಸವಿಶೇಷ’ ಎನ್ನುತ್ತದೆ, ಅಂದರೆ ಹೆಚ್ಚಳವುಳ್ಳದ್ದು. ಇದನ್ನು ಹಿಡಿದು ನಮ್ಮ ಪೂರ್ವಿಕರಿಗೆ ಅಭಾಗಲಬ್ಧತೆ ತಿಳಿದಿತ್ತೆಂದು ಸಾರುವವರಿದ್ದಾರೆ. ಉತ್ತರ ಸರಿಯಾಗಿಲ್ಲವೆಂದು ಬಲ್ಲವನಿಗೆ ಸರಿಯಾದ ಉತ್ತರ ಎಂದಿಗೂ ಬಾರದೆಂಬುದೂ ತಿಳಿದಿತ್ತೆಂದು ಹೇಳಲು ಆ ಪದವೊಂದೇ ಸಾಲದು. ಜಾನಪದ ವಿದ್ವಾಂಸರಾದ ನಾವೂ ಇದೇ ಆಮಿಷಕ್ಕೆ ಒಳಗಾಗುತ್ತೇವೆ. ಸಂತೆಯಲ್ಲಿ ಅಳತೆಯ ಮೇಲೆ ಹಾಕುವ ‘ಕೊಸರು’ ಎಂಬ ಸೊಗಸಾದ ಪದವನ್ನು ಈ ಉಳಿಕೆಗೆ ಹೊಂದಿಸಬೇಕೆಂದು ನನಗೂ ಆಸೆಯಾಗಿತ್ತು. ಆದರೆ ಕೊಸರು ಕೊಡುವವನ ಔದಾರ್ಯ. ಒಂದು ಹಿಡಿ ಹಾಕಿದರೆ ಅದು ಮುಗಿಯುತ್ತದೆ. ಕರ್ಣದ ಉಳಿಕೆ ಯಾರ ಔದಾರ್ಯವೂ ಅಲ್ಲ, ಮುಗಿಯುವುದೂ ಇಲ್ಲ.

ಪಾಲು ಮತ್ತು ಕರಣಿ ಎರಡನ್ನೂ ಒಂದೇ ಗ್ರಂಥದಲ್ಲಿ ವಿಸ್ತಾರವಾಗಿ ನಡೆಸಿದ ಗಣಿತಜ್ಞ ಈ ಸೀಮೆಗೆ ಹತ್ತಿರದವನೇ. ಕೃಷ್ಣೆಯ ಆಚೆ, ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ, ಅಂದರೆ ಅಂದಿನ ಮಾನ್ಯಖೇಟದಿಂದ ಆಳಿದ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಜೈನಾಚಾರ್ಯ ಮಹಾವೀರನು ‘ಗಣಿತಸಾರಸಂಗ್ರಹ’ವನ್ನು ಸಂಸ್ಕೃತದಲ್ಲಿ ರಚಿಸಿದನು. ಎಂ. ರಂಗಾಚಾರ್ಯರು 1912ರಲ್ಲಿ ಮದರಾಸಿನಿಂದ ಇದರ ಪಠ್ಯವನ್ನೂ ಇಂಗ್ಲಿಷ್ ಅನುವಾದವನ್ನೂ ಪ್ರಕಟಿಸಿದರು. ಭಿನ್ನರಾಶಿಗಳಿಗೆ ಮೀಸಲಾದ ‘ಕಲಾಸವರ್ಣ’ ಎಂಬ ಅಧ್ಯಾಯದಲ್ಲಿ ಆತನು ಛೇದಗಳನ್ನು ಸಮಗೊಳಿಸಲು ‘ನಿರುದ್ಧ’ ಎಂಬ ಲಘುತಮ ಸಾಮಾನ್ಯ ಅಪವರ್ತ್ಯದ ಕ್ರಮವನ್ನು ಹೇಳುತ್ತಾನೆ. ಮೂವರು ಅಣ್ಣತಮ್ಮಂದಿರ ಕಾಳಿಗೂ ರೂಪಾಯಿಗೂ ನಾವು ಹುಡುಕಿದ ‘ಎಲ್ಲರಿಗೂ ಸಲ್ಲುವ ಮಾನ’ದ ಶಾಸ್ತ್ರರೂಪ ಇದೇ. ಮುಂದೆ ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯನು ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ ಮೊದಲಾದ ಕೃತಿಗಳ ಮೂಲಕ ಇಂಥ ಗಣಿತವನ್ನು ಕನ್ನಡಕ್ಕೇ ತಂದನು.

ಮಹಾವೀರನ ಕ್ಷೇತ್ರಗಣಿತದಲ್ಲಿ ಎಲ್ಲ ಲೆಕ್ಕಗಳೂ ಎರಡೆರಡು ಬಗೆಯವು. ಒಂದು ‘ವ್ಯಾವಹಾರಿಕ’, ಇನ್ನೊಂದು ‘ಸೂಕ್ಷ್ಮ’. ವೃತ್ತದ ಪರಿಧಿ ವ್ಯಾಸದ ಮೂರರಷ್ಟು ಎಂಬುದು ವ್ಯಾವಹಾರಿಕ, ಹತ್ತರ ವರ್ಗಮೂಲದಷ್ಟು ಎಂಬುದು ಸೂಕ್ಷ್ಮ. ಈ ಎರಡನೆಯದು ಜೈನರ ಪ್ರಾಚೀನ ಪರಂಪರೆಯಿಂದ ಬಂದದ್ದು. ಇದನ್ನು ಬಡಿಗರ ಅಂಗಳಕ್ಕೆ ತರೋಣ. ಐದು ಅಡಿ ವ್ಯಾಸದ ಗಾಲಿಗೆ ಮೂರರ ಲೆಕ್ಕದಲ್ಲಿ 15 ಅಡಿ ಹಳಿ ಸಾಕು. ನಿಜವಾದ ಪರಿಧಿ ಸುಮಾರು 15.708 ಅಡಿ. ಎಂಟೂವರೆ ಇಂಚಿನಷ್ಟು ಕೊರತೆ. ಹತ್ತರ ವರ್ಗಮೂಲದಿಂದ 15.811 ಅಡಿ ಬರುತ್ತದೆ, ಒಂದು ಇಂಚಿಗಿಂತ ಹೆಚ್ಚು ಸಡಿಲು. 22/7ರಿಂದ 15.714 ಅಡಿ, ಹೆಚ್ಚಳ ಕೂದಲೆಳೆಯಷ್ಟು. ಇಲ್ಲಿ ಒಂದು ಸೋಜಿಗವಿದೆ. ಹತ್ತರ ವರ್ಗಮೂಲ ಅಭಾಗಲಬ್ಧ, ಪರಿಧಿಯ ಪ್ರಮಾಣವೂ ಅಭಾಗಲಬ್ಧ, ಆದರೂ ಅವೆರಡೂ ಒಂದಲ್ಲ. ಸಾಮಾನ್ಯ ಭಿನ್ನರಾಶಿಯಾದ 22/7 ಅದಕ್ಕಿಂತ ನಿಜಕ್ಕೆ ಹತ್ತಿರ. ಅಭಾಗಲಬ್ಧವೆಂದರೆ ಹೆಚ್ಚು ಸೂಕ್ಷ್ಮವೆಂದಲ್ಲ, ಭಾಗಲಬ್ಧವೆಂದರೆ ಒರಟೆಂದೂ ಅಲ್ಲ. ಹುಡುಗಿಯ ಪುಸ್ತಕದ ಎರಡು ಪುಟಗಳಿಗೂ ಜಗಳವಿಲ್ಲ: 22/7 ಎಂಬುದು ಪೈಗೆ ನೆರೆಯ ಸಂಖ್ಯೆ, ಪೈ ಅಲ್ಲ. ಮೊದಲ ಪುಟದಲ್ಲಿ ‘ಸುಮಾರು’ ಎಂಬ ಒಂದು ಪದ ಬಿಟ್ಟುಹೋದದ್ದೇ ಗೊಂದಲದ ಮೂಲ. ಆರ್ಯಭಟನು 499ರಲ್ಲಿ 62832/20000 ಎಂಬ ಪ್ರಮಾಣವನ್ನು ಕೊಟ್ಟಾಗ ‘ಆಸನ್ನ’ ಎಂಬ ಪದವನ್ನು ಮರೆಯಲಿಲ್ಲ.

ಆ ಪದವನ್ನು ವಿವರಿಸುತ್ತ ಕೇರಳದ ನೀಲಕಂಠ ಸೋಮಯಾಜಿ ಆರ್ಯಭಟೀಯದ ಭಾಷ್ಯದಲ್ಲಿ ಹೇಳಿದ ಮಾತಿನ ಸಾರ ನಮ್ಮ ಕಣದ ಭಾಷೆಗೆ ಅತ್ಯಂತ ಸಮೀಪವಾದುದು. ಯಾವ ಮಾನದಿಂದ ವ್ಯಾಸವನ್ನು ಉಳಿಕೆಯಿಲ್ಲದೆ ಅಳೆಯಬಹುದೋ ಅದರಿಂದ ಪರಿಧಿಯನ್ನು ಅಳೆದರೆ ಉಳಿಕೆ ಬರುತ್ತದೆ. ಪರಿಧಿಯನ್ನು ಸರಿಯಾಗಿ ಅಳೆಯುವ ಮಾನಕ್ಕೆ ವ್ಯಾಸದಲ್ಲಿ ಉಳಿಕೆ ಬರುತ್ತದೆ. ಉಳಿಕೆಯನ್ನು ಸಣ್ಣದು ಮಾಡಬಹುದೇ ಹೊರತು ಇಲ್ಲವಾಗಿಸಲಾಗದು. ಇದಕ್ಕೆ ಯುರೋಪಿನಲ್ಲಿ ಯೋಹಾನ್ ಲ್ಯಾಂಬರ್ಟ್ 1761ರಲ್ಲಿ ಸಾಧನೆಯನ್ನು ಒದಗಿಸಿದನು.

ಇವೆಲ್ಲ ವಿದ್ವಾಂಸರ ವಿಲಾಸವೆಂದು ತೋರಿದರೆ ಹೊಲಕ್ಕೆ ಮರಳಬೇಕು. ಹಳ್ಳಿಗಳಲ್ಲಿ ಓರೆಕೋರೆ ಹೊಲದ ವಿಸ್ತೀರ್ಣಕ್ಕೆ ಎದುರು ಬದಿಗಳನ್ನು ಕೂಡಿಸಿ ಅರ್ಧ ಮಾಡಿ, ಬಂದ ಎರಡು ಸಂಖ್ಯೆಗಳನ್ನು ಗುಣಿಸುವ ರೂಢಿ ಇನ್ನೂ ಇದೆ. ಮಹಾವೀರನು ಹೇಳುವ ವ್ಯಾವಹಾರಿಕ ಕ್ರಮವೂ ಇದೇ. ಈ ಲೆಕ್ಕ ಆಯತಕ್ಕೆ ಸರಿ, ಉಳಿದ ಯಾವ ಆಕಾರಕ್ಕಾದರೂ ನಿಜಕ್ಕಿಂತ ಹೆಚ್ಚನ್ನೇ ತೋರಿಸುತ್ತದೆ. ಎಂದಿಗೂ ಕಡಿಮೆ ತೋರಿಸದು. ನಾಲ್ಕು ಬದಿಗಳೂ 66 ಅಡಿ, ಒಂದು ಕರ್ಣವೂ 66 ಅಡಿ ಇರುವ ಓರೆ ತುಂಡನ್ನು ತೆಗೆದುಕೊಳ್ಳಿ. ರೂಢಿಯ ಲೆಕ್ಕ ನಾಲ್ಕು ಗುಂಟೆ ಎನ್ನುತ್ತದೆ. ಕರ್ಣದಿಂದ ಎರಡು ತ್ರಿಕೋನ ಮಾಡಿ ಅಳೆದರೆ ನಿಜವಾದದ್ದು ಮೂರರ ವರ್ಗಮೂಲದ ಎರಡರಷ್ಟು ಗುಂಟೆ, ಅಂದರೆ ಮೂರು ಗುಂಟೆ ಏಳೂವರೆ ಆಣೆಗೆ ತುಸು ಕಡಿಮೆ. ಅರ್ಧ ಗುಂಟೆಗೂ ಮಿಗಿಲಾದ ನೆಲ ಕಾಗದದ ಮೇಲೆ ಮಾತ್ರ ಇದೆ. ಕೊಳ್ಳುವವನು ಅದಕ್ಕೆ ಹಣ ತೆರುತ್ತಾನೆ, ಲಾವಣಿಗೆ ಹಿಡಿದವನು ವರ್ಷವರ್ಷವೂ ತೆರುತ್ತಾನೆ. ಇಲ್ಲಿ ನಷ್ಟಕ್ಕೆ ಕಾರಣ ಅಭಾಗಲಬ್ಧ ಸಂಖ್ಯೆಯಲ್ಲ, ಅಡ್ಡ ಹಗ್ಗ ಹಿಡಿಯದಿದ್ದದ್ದು. ಭಾಗಲಬ್ಧವಾದ ಚೊಕ್ಕ ಉತ್ತರವನ್ನು ಕಂಡೊಡನೆ ನಂಬುವ ಮನಸ್ಸೂ ಅದರಲ್ಲಿ ಪಾಲುದಾರ.

ರಾಯಚೂರು ಕೋಟೆಯ ಗೋಡೆಯಲ್ಲಿ 1294ರ ಗೋರೆ ಗಂಗಯ್ಯ ರೆಡ್ಡಿಯ ತೆಲುಗು ಶಾಸನವಿರುವ, ನಲವತ್ತು ಅಡಿಗೂ ಮಿಗಿಲಾದ ಉದ್ದದ ಕಲ್ಲನ್ನು ನೋಡಲು ಹೋದವರು ಪಕ್ಕದ ರೇಖಾಚಿತ್ರವನ್ನು ನೋಡದೆ ಬರುವುದೇ ಹೆಚ್ಚು. ಅದೇ ಕಲ್ಲನ್ನು ಬಂಡಿಯ ಮೇಲಿರಿಸಿ ಕೋಣಗಳ ಸಾಲು ಎಳೆಯುತ್ತಿರುವ, ಹಿಂದಿನಿಂದ ಜನ ಸನ್ನೆಗೋಲು ಹಾಕುತ್ತಿರುವ ದೃಶ್ಯ ಅದರಲ್ಲಿದೆ. ಅಂಥ ಭಾರ ಹೊತ್ತ ಗಾಲಿಯನ್ನು ಮಾಡಿದವರ ಅಳತೆ ಯಾವ ಶಾಸನದಲ್ಲಿಯೂ ಬರೆದಿಲ್ಲ. ಅದು ಕೈಯಿಂದ ಕೈಗೆ ಬಂದದ್ದು. ಕಮ್ಮಾರನು ಗಾಲಿಯ ಸುತ್ತ ಹಗ್ಗ ಹಿಡಿದು ಅದಕ್ಕಿಂತ ತುಸು ಕಿರಿದಾಗಿ ಹಳಿಯನ್ನು ಬೆಸೆಯುತ್ತಾನೆ. ಕುಳ್ಳಿನ ಬೆಂಕಿಯಲ್ಲಿ ಕಾದ ಹಳಿ ಹಿಗ್ಗುತ್ತದೆ. ಗಾಲಿಗೆ ತೊಡಿಸಿ ನೀರು ಹೊಯ್ದಾಗ ಕುಗ್ಗಿ ಬಿಗಿಯುತ್ತದೆ. ಲೆಕ್ಕದಲ್ಲಿ ಉಳಿದ ವ್ಯತ್ಯಾಸವನ್ನು ಕಬ್ಬಿಣದ ಹಿಗ್ಗು ಕುಗ್ಗುಗಳು ನುಂಗಿಕೊಳ್ಳುತ್ತವೆ.

ಟೈರಿನ ಬಂಡಿಗಳು ಬಂದ ಮೇಲೆ ದೇವದುರ್ಗದ ಆ ಮನೆಯಲ್ಲಿ ಗಾಲಿ ಮಾಡುವುದು ನಿಂತಿದೆ. ಎರಡನೆಯ ಸಲ ಹೋದಾಗ ಗೋಡೆಗೆ ಒರಗಿಸಿದ್ದ ಐದಡಿಯ ಹಳೆಯ ಗಾಲಿಯೊಂದರ ಸುತ್ತ ಹುಡುಗಿ ಅಜ್ಜನ ಹಗ್ಗವನ್ನು ಹಿಡಿದಳು. ಅದರ ಮೇಲೆ ಗಾಲಿಯ ವ್ಯಾಸವನ್ನು ಮೂರು ಸಲ ಗುರುತಿಸಿದಳು. ಎಂಟೂವರೆ ಇಂಚಿನಷ್ಟು ತುಂಡು ಉಳಿಯಿತು. ಆ ಉಳಿಕೆಯಿಂದ ವ್ಯಾಸವನ್ನು ಅಳೆಯುತ್ತ ಹೋದಾಗ ಏಳು ಸಲ ಹಿಡಿಸಿತು. 22/7 ಎಂಬುದು ಎಲ್ಲಿಂದ ಬಂತೆಂದು ಅವಳಿಗೆ ಆಗ ಹೊಳೆಯಿತು. ಏಳನೆಯ ಗುರುತಿನ ಮುಂದೆ ವ್ಯಾಸದ ತುದಿಗೆ ಇನ್ನೂ ಅರ್ಧ ಇಂಚಿನಷ್ಟು ಬಾಕಿಯಿತ್ತು. "ಇದು ಗಾಲಿ ಸವೆದಿದ್ದಕ್ಕೋ, ಲೆಕ್ಕದಾಗ ಇರೋದೋ?" ಎಂದಳು. ಲೆಕ್ಕದಲ್ಲಿಯೂ ಅಲ್ಲಿ ಅರ್ಧ ಇಂಚಿಗೆ ತುಸು ಹೆಚ್ಚೇ ಉಳಿಯಬೇಕು. ಆದರೆ ಬೆರಳಿನಷ್ಟು ದಪ್ಪದ ಹಗ್ಗದಿಂದ ಅದನ್ನು ನಿರ್ಧರಿಸಲು ಬರುವುದಿಲ್ಲವೆಂದು ಹೇಳಿದೆ. ಅಜ್ಜ ಒಳಗಿನಿಂದ ಸಣ್ಣ ನೂಲಿನ ಉಂಡೆಯೊಂದನ್ನು ತಂದುಕೊಟ್ಟರು.